ತಂತಿ ಕಚ್ಚಿದ ಸಹಾಯಕ

ಚಹಾದ ಲೋಟ ಇಡಲು ಜಗತ್ತಿನಲ್ಲಿ ಬೇರೆ ಜಾಗವೇ ಇರಲಿಲ್ಲವೇ? ದ್ರಾಕ್ಷಿ ಸಂಶೋಧನಾ ತೋಟದ ಸಹಾಯಕ ಅದನ್ನು ಗುಂಯ್‌ಗುಡುವ ಯಂತ್ರದ ತಲೆಯ ಮೇಲೆಯೇ ಇಟ್ಟ. ಲೋಟ ಕುಣಿಯಿತು, ಉರುಳಿತು. ಯಂತ್ರ ಒಮ್ಮೆ ಕೆಮ್ಮಿ ತೆಪ್ಪಗಾಯಿತು.

ಆ ಯಂತ್ರದ ಕೆಲಸವೇ ಸ್ವಲ್ಪ ಕಿಡಿಗೇಡಿತನದ್ದು. ದ್ರಾಕ್ಷಿ ಎಲೆಯ ರಸ ಹೀರುವ ಜಿಗಿಹುಳುಗಳಲ್ಲಿ ಗಂಡು ಬಳ್ಳಿಯನ್ನು ನಡುಗಿಸಿ ಹೆಣ್ಣನ್ನು ಕರೆಯುತ್ತದೆ. ಹೆಣ್ಣೂ ಹಾಗೆಯೇ ಓಗೊಡುತ್ತದೆ. ಬಳ್ಳಿ ಹಬ್ಬಿಸಿದ ತಂತಿಯನ್ನು ಯಂತ್ರ ಸದಾ ಗುಂಯ್ ಎನ್ನಿಸುತ್ತಿದ್ದರೆ ಇವಳ ಮಾತು ಅವನಿಗೆ ಕೇಳಿಸದು. ಮದುವೆಯಿಲ್ಲ, ಮರಿಯಿಲ್ಲ, ಎಲೆ ಕ್ಷೇಮ.

ಅವತ್ತೇ ಹನ್ನೊಂದಕ್ಕೆ ನಗರದ ದೊಡ್ಡ ಸಾಹೇಬರು ಯಂತ್ರ ನೋಡಲು ಬರುವವರಿದ್ದರು. ಮೆಚ್ಚಿದರೆ ಸಹಾಯಕನ ವರ್ಗಾವಣೆಗೆ ಸಹಿ. ಹೆಂಡತಿಗೆ ನಗರದಲ್ಲಿ ಕೆಲಸ, ಇವನಿಗೆ ಇಲ್ಲಿ ಹುಳು. ಮೂರು ವರ್ಷದಿಂದ ಸಂಸಾರವೆಲ್ಲ ಫೋನಿನಲ್ಲೇ. ಬೆಳಿಗ್ಗೆ ಅವಳು ಖಡಾಖಂಡಿತವಾಗಿ ಹೇಳಿದ್ದಳು: "ಸಹಿ ಹಾಕಿಸ್ಕೊಂಡೇ ಫೋನ್ ಮಾಡಿ. ಇಲ್ಲಾಂದ್ರೆ ಆ ಹುಳಗಳ ಜೊತೇನೇ ಸಂಸಾರ ಮಾಡ್ಕೊಂಡಿರಿ."

"ಅಯ್ಯೋ, ಕೆಟ್ಟೆ!" ಎಂದು ತಲೆ ಮೇಲೆ ಕೈ ಹೊತ್ತು ಕೂತವನ ಸುತ್ತ ಸಲಹೆಗಾರರು ನೆರೆದರು. ಕಾವಲುಗಾರ ತನ್ನ ಗಡ್ಡದ ಟ್ರಿಮ್ಮರ್ ತಂದು ತಂತಿಗೆ ಕಟ್ಟಿದ. ಅದು ಎರಡು ನಿಮಿಷ ಗುರ್ ಎಂದು, ಎರಡು ಎಲೆ ಬೋಳಿಸಿ ನಿಂತಿತು. ಗುಮಾಸ್ತ ತನ್ನ ಫೋನನ್ನೇ ಕಟ್ಟಿ, "ಯಾರಾದ್ರೂ ಕರೆ ಮಾಡ್ತಾ ಇರಿ, ನಡುಗ್ತಾ ಇರತ್ತೆ" ಎಂದ. ಮೊದಲು ಬಂದ ಕರೆಯೇ ಅವನ ಅತ್ತೆಯದು. ತೆಗೆಯದಿದ್ದರೆ ಉಂಟೇ? ಫೋನ್ ಬಿಚ್ಚಿಕೊಂಡು ಓಡಿದ.

ಗೇಟಿನಲ್ಲಿ ಜೀಪು ನಿಂತ ಸದ್ದಾಯಿತು.

"ಬಾಯಲ್ಲೇ ಗುಂಯ್ ಅನ್ನಿ ಸಾರ್," ಎಂದ ಕಾವಲುಗಾರ. "ತಂತೀನ ಹಲ್ಲಲ್ಲಿ ಕಚ್ಕೊಳ್ಳಿ. ಎಲೆ ಮರೇಲಿ ಯಾರಿಗೆ ಕಾಣತ್ತೆ?"

ಸಹಾಯಕ ಕಚ್ಚಿದ. ತಂತಿಯ ಆ ತುದಿಯಲ್ಲಿ ಸಾಹೇಬರು ಬಳ್ಳಿಯ ನಡುಕ ಕೇಳಿಸುವ ಹೆಡ್‌ಫೋನ್ ಹಾಕಿಕೊಂಡರು. ಈ ತುದಿಯಲ್ಲಿ ಇವನು ಮಂಡಿಯೂರಿ, ಕಣ್ಣು ಮುಚ್ಚಿ, ಗುಂಯ್ ಎಂದ. ಹತ್ತು ನಿಮಿಷ. ಇಪ್ಪತ್ತು. ದವಡೆ ಜೋಮು ಹಿಡಿಯಿತು. ಒಂದು ಜಿಗಿಹುಳು ಮೂಗಿನ ಮೇಲೆ ಬಂದು ಕೂತು, ಇದ್ಯಾವ ಪ್ರಾಣಿಯಪ್ಪಾ ಎಂಬಂತೆ ನೋಡಿತು.

"ಆಕ್ಷೀ!"

ಸಾಲಿನುದ್ದಕ್ಕೂ ಬಳ್ಳಿ ಅದುರಿತು. ಸಾಹೇಬರು ಹೌಹಾರಿ ಹೆಡ್‌ಫೋನ್ ಕಿತ್ತರು. "ಏನ್ರೀ ಅದು?" ಎನ್ನುತ್ತಾ ತಂತಿಯ ಜಾಡು ಹಿಡಿದು ಬಂದು ಎಲೆ ಸರಿಸಿದರೆ, ಜೊಲ್ಲು ಸುರಿಸುತ್ತಾ ಸಹಾಯಕ ಕೂತಿದ್ದಾನೆ.

"ತಪ್ಪಾಯ್ತು ಸಾರ್. ಯಂತ್ರದ ಮೇಲೆ ಚಹಾ ಚೆಲ್ಲಿಬಿಟ್ಟೆ. ವರ್ಗಾವಣೆ ಒಂದು ಆಗ್ಲಿ ಅಂತ..." ಅವನಿಗೆ ಅಳುವೇ ಬಂತು.

"ಯಾವ ತಪ್ಪೂ ಇಲ್ಲ ಬಿಡ್ರೀ!" ಸಾಹೇಬರ ಮುಖ ಅರಳಿತ್ತು. "ಯಂತ್ರ ಇದ್ದಾಗ್ಲೂ ಒಂದೆರಡು ಗಂಡು ಕೂಗ್ತಿದ್ವಂತೆ. ನೀವು ಗುಂಯ್ ಅಂದ್ರಿ ನೋಡಿ, ಒಂದೂ ಉಸಿರೆತ್ತಿಲ್ಲ! ಎಲ್ಲಿ, ಆ ವರ್ಗಾವಣೆ ಕಾಗದ ತನ್ನಿ."

ಗುಮಾಸ್ತ ಕಾಗದ ಹಿಡಿದು ಓಡಿಬಂದ. ಸಾಹೇಬರು ಏನೋ ಹೊಡೆದುಹಾಕಿ, ಏನೋ ಬರೆದು, ಸಹಿ ಜಡಿದರು. ಸಹಾಯಕ ಕುಣಿದಾಡಿಬಿಟ್ಟ. ಕಾವಲುಗಾರನನ್ನು ತಬ್ಬಿಕೊಂಡ. ಹೆಂಡತಿಗೆ ಫೋನ್ ಹಚ್ಚಿ, "ಸಹಿ ಆಯ್ತು ಕಣೇ!" ಎಂದು ಕಿರುಚಿದ. ಆಮೇಲೆ ಕಾಗದ ಓದಿದ.

ನಗರದ ಕಚೇರಿಗೆ ವರ್ಗವಾಗಿದ್ದದ್ದು ಯಂತ್ರ, ದುರಸ್ತಿಗಾಗಿ. ಮುಂದಿನ ಆದೇಶದವರೆಗೆ ಅದರ ಜಾಗದಲ್ಲಿ ಸಹಾಯಕ.

ಸಾಹೇಬರ ಜೀಪಿನ ಮುಂದಿನ ಸೀಟಿನಲ್ಲಿ, ಬೆಲ್ಟು ಬಿಗಿಸಿಕೊಂಡು, ಯಂತ್ರ ನಗರಕ್ಕೆ ಹೊರಟಿತು.

"ಎಷ್ಟೊತ್ತಿಗೆ ಬರ್ತೀರಿ? ಬಸ್‌ ಸ್ಟ್ಯಾಂಡಿಗೆ ನಾನೇ ಬರ್ಲಾ? ರೀ, ಮಾತಾಡ್ರೀ!" ಎಂದು ಹೆಂಡತಿ ಫೋನಿನಲ್ಲಿ ಕೇಳುತ್ತಲೇ ಇದ್ದಳು.

ಸಹಾಯಕ ಬಾಯಿ ತೆರೆದ. ಅಷ್ಟರಲ್ಲಿ ಹೆಡ್‌ಫೋನ್ ಕಿವಿಗೇರಿಸಿಕೊಂಡಿದ್ದ ಕಾವಲುಗಾರ ತಂತಿಯನ್ನು ಒರೆಸಿ ಅವನ ಬಾಯಿಯ ಹತ್ತಿರ ತಂದಿದ್ದ.

"ಬೇಗ ಕಚ್ಚಿ ಸಾರ್, ಅಲ್ಲೊಂದು ಗಂಡು ಹೆಂಡ್ತೀನ ಕರೀತಾ ಇದೆ!"