ಪಾಯಿಂಟಪ್ಪನವರ ಎಂಟನೆಯ ಆಟಗಾರ್ತಿ

ಮಗಳಿಗೆ ಹದಿನೆಂಟು ತುಂಬಿತೆಂದು ಕಣ್ಣೀರು ಹಾಕುವ ಅಪ್ಪಂದಿರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ಗೊತ್ತಿಲ್ಲ. ಪಾಯಿಂಟಪ್ಪನವರು ಮಾತ್ರ ಮಗಳು ಕೇಕ್ ಕತ್ತರಿಸುವ ಹೊತ್ತಿಗೆ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಬಂದಿದ್ದ ನೆಂಟರು "ಪಾಪ, ಹೆಣ್ಣು ಹೆತ್ತ ಕರುಳು" ಎಂದು ಮರುಗಿದರು. ಕರುಳಿನ ವಿಷಯ ಹಾಗಿರಲಿ, ಅವರು ಅಳುತ್ತಿದ್ದುದು ರ‍್ಯಾಂಕಿಗಾಗಿ.

ಪಾಯಿಂಟಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಟೆನಿಸ್ ಕೋರ್ಟಿನ ಬೆಂಚಿನ ಮೇಲೆ ಕೂರುವ ಉಳಿದ ಅಪ್ಪಂದಿರು ದಯಪಾಲಿಸಿದ ಬಿರುದು. ವೃತ್ತಿಯಿಂದ ಅವರು ಕನ್ನಡಕದ ಅಂಗಡಿಯವರು. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ "ಕೊನೇ ಸಾಲು ಕಾಣುತ್ತಾ?" ಎಂದು ಕೇಳುವ ಬಾಯಲ್ಲೇ "ನಮ್ಮ ಗುಬ್ಬಿ ಈಗ ಹನ್ನೊಂದನೇ ರ‍್ಯಾಂಕು" ಎಂದೂ ಸೇರಿಸುತ್ತಿದ್ದರು. (ಗುಬ್ಬಿ ಎಂದರೆ ಮಗಳು. ಹಾಗೆ ಕರೆಯಲು ಶುರುಮಾಡಿದಾಗ ಮೊಣಕಾಲುದ್ದ ಇದ್ದಳು. ಈಗ ಅಪ್ಪನ ಬೋಳುತಲೆಯನ್ನು ಮೇಲಿನಿಂದ ನೋಡುವಷ್ಟು ಎತ್ತರ.)

ಕಿರಿಯರ ಪಟ್ಟಿಯ ಶಾಸ್ತ್ರದಲ್ಲಿ ಅವರು ಮಹಾಪಂಡಿತರು. ಪಂದ್ಯಾವಳಿಯಲ್ಲಿ ಒಂದೊಂದು ಸುತ್ತು ಗೆದ್ದಂತೆಲ್ಲ ಪಾಯಿಂಟು ಏರುತ್ತದೆ. ವರ್ಷದಲ್ಲಿ ಚೆನ್ನಾಗಿ ಆಡಿದ ಕೆಲವು ಪಂದ್ಯಾವಳಿಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ವರ್ಷ ಕಳೆದ ಪಾಯಿಂಟು ಅವಧಿ ಮುಗಿದ ಔಷಧಿಯಂತೆ, ಇದ್ದರೂ ಇಲ್ಲದ ಹಾಗೆ. ಯಾವ ಊರಿಗೆ ಗಟ್ಟಿ ಹುಡುಗಿಯರು ಬರುವುದಿಲ್ಲ ಎಂದು ಪತ್ತೆ ಹಚ್ಚಿ, ಅಲ್ಲಿಗೇ ಮಗಳನ್ನು ಬಸ್ಸು ಹತ್ತಿಸುವುದು ಅವರ ತಂತ್ರ. ಅದೇ ತಂತ್ರ ಬಲ್ಲ ಅಪ್ಪಂದಿರೆಲ್ಲ ಅದೇ ಮೂಲೆಯ ಊರಿನಲ್ಲಿ ಎದುರುಬದುರಾಗಿ ಪೆಚ್ಚುನಗೆ ನಕ್ಕದ್ದೂ ಉಂಟು.

ಹದಿನೆಂಟು ತುಂಬಿದ ಮೇಲೆ ಈ ಪಾಂಡಿತ್ಯವೆಲ್ಲ ನೀರಿನಲ್ಲಿ ಹೋಮ. ಕಿರಿಯರ ಪಟ್ಟಿಯಿಂದ ಹೆಸರು ಹಾರಿಹೋಯಿತು. ದೊಡ್ಡವರ ಪಟ್ಟಿಯಲ್ಲಿ ಎಲ್ಲರಿಗೂ ಸೊನ್ನೆಯಿಂದಲೇ ಶುರು. ಅಲ್ಲಿ ಹೆಸರು ಕಾಣಬೇಕಾದರೆ ದೊಡ್ಡವರ ಪಂದ್ಯಾವಳಿಯೊಂದರಲ್ಲಿ ಒಂದಾದರೂ ಪಂದ್ಯ ಗೆದ್ದು, ಒಂದಾದರೂ ಪಾಯಿಂಟು ಪಡೆಯಬೇಕು.

"ಒಂದೇ ಒಂದು ಪಾಯಿಂಟ್ ಬಂದ್ಬಿಟ್ರೆ ಸಾಕಪ್ಪ, ಆಮೇಲೆ ನಾನು ನೋಡ್ಕೋತೀನಿ," ಎಂದಳು ಗುಬ್ಬಿ. ಅವಳಿಗೆ ಇದು ಅಪ್ಪನ ಹುಚ್ಚಲ್ಲ, ಅವಳದೇ ಆಸೆ. ಆ ಮಾತು ಕೇಳಿ ಪಾಯಿಂಟಪ್ಪನವರು ಸೊಂಟ ಕಟ್ಟಿ ನಿಂತರು.

ಹತ್ತಿರದ ಕ್ಲಬ್ಬಿನಲ್ಲೇ ಮಹಿಳೆಯರ ಪಂದ್ಯಾವಳಿ ಇತ್ತು. ಆದರೆ ಎಂಟು ಜನ ಹೆಂಗಸರಾದರೂ ಸೇರದಿದ್ದರೆ ಕಪ್ ಕೊಡುತ್ತಾರೆ, ಪಾಯಿಂಟ್ ಕೊಡುವುದಿಲ್ಲ. ಸೇರಿದ್ದವರು ಏಳು. ಹೆಸರು ಕೊಡಲು ಅಂದೇ ಕೊನೆಯ ದಿನ. ಪಾಯಿಂಟಪ್ಪನವರು ಕ್ಲಬ್ಬಿನ ಕಚೇರಿಯಲ್ಲಿ ಕ್ಷಣಹೊತ್ತು ಕಣ್ಣು ಮುಚ್ಚಿ ಧ್ಯಾನಿಸಿ, ಎಂಟನೆಯ ಹೆಸರು ಬರೆಸಿ ಬಂದರು.

ಮನೆಯಲ್ಲಿ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದರು. ಆಕೆಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ. ಹಲ್ಲುನೋವಿನಲ್ಲಿ ಕೂಗಾಡುತ್ತ ಬಂದವರನ್ನು ತಣ್ಣಗೆ ಕೂರಿಸಿ ಸರದಿ ಪ್ರಕಾರ ಒಳಗೆ ಕಳಿಸುವಾಕೆ. ಹಾಗಾಗಿ ಮೊದಲು ಕೂಗಾಡಲಿಲ್ಲ.

"ಏನ್ರೀ ಅಂದ್ರಿ? ಇನ್ನೊಂದ್ಸಲ ಹೇಳಿ."

"ಬರೀ ಹೆಸರು ಕಣೇ. ಲೆಕ್ಕಕ್ಕೆ ಒಂದು ತಲೆ. ನೀನು ಸುಮ್ನೆ ಹೋಗಿ ನಿಂತ್ಕೊಂಡು ಬಂದ್ರಾಯ್ತು."

"ನಿಂತ್ಕೊಳ್ಳೋಕೆ ನನಗೆ ಬಸ್ ಸ್ಟಾಪ್ ಇಲ್ವಾ? ಮಂಡಿನೋವಿಗೆ ಮುಲಾಮು ಹಚ್ಚೋಳನ್ನ ಮೈದಾನಕ್ಕಿಳಿಸ್ತೀರಾ?"

"ಗುಬ್ಬಿ ಚಿಕ್ಕೋಳಿದ್ದಾಗ, ಜೊತೆಗಾರ್ತಿ ಬರದಿದ್ದ ದಿನ ನೀನೇ ಅಲ್ವೇನೇ ಆ ಕಡೆ ನಿಂತು ಬಾಲ್ ಹಾಕ್ತಿದ್ದೋಳು? ಅದನ್ನೇ ಮಾಡು."

"ಅದು ಬಾಲ್ ಹಾಕೋದು. ಇದು ಮಾನ ಕಳ್ಕೊಳ್ಳೋದು." ಆಕೆ ಗಂಡನ ಷರ್ಟನ್ನು ಅಗತ್ಯಕ್ಕಿಂತ ಜೋರಾಗಿ ಒದರಿದರು. ಆಮೇಲೆ ಒಳಗಿನ ಕೋಣೆಯ ಕಡೆ ನೋಡಿದರು. ಗುಬ್ಬಿ ರ‍್ಯಾಕೆಟ್ಟಿನ ಹಿಡಿಗೆ ಹೊಸ ಟೇಪು ಸುತ್ತುತ್ತಿದ್ದಳು. "ಆಯ್ತು. ಮಗಳಿಗೋಸ್ಕರ. ನಿಮಗೋಸ್ಕರ ಅಂದ್ಕೋಬೇಡಿ."

ಪಂದ್ಯದ ದಿನ ರೆಫರಿ ಟೋಪಿಯಿಂದ ಚೀಟಿ ಎತ್ತಿದರು. ರ‍್ಯಾಂಕಿಲ್ಲದ ಗುಬ್ಬಿಗೆ ಎದುರಾಳಿಯಾಗಿ ಬಂದದ್ದು ಅಲ್ಲಿದ್ದವರಲ್ಲೇ ಮೊದಲ ರ‍್ಯಾಂಕಿನವರು, ಒಂದು ಶಾಲೆಯ ಪಿ.ಟಿ. ಟೀಚರ್. ಅಮ್ಮನಿಗೆ ಬಂದದ್ದು ಒಬ್ಬ ವಕೀಲೆ. ಎರಡೂ ಪಂದ್ಯ ಒಂದೇ ಹೊತ್ತಿಗೆ. ಪಾಯಿಂಟಪ್ಪನವರು ಎಲ್ಲಿ ಕೂತರೆಂದು ಹೇಳಬೇಕಾಗಿಲ್ಲ.

ಗುಬ್ಬಿ ಕಿರಿಯರ ಆಟದಲ್ಲಿ ಕಲಿತಂತೆ ಚೆಂಡನ್ನು ಸಿಡಿಸಿ ಸಿಡಿಸಿ ಹೊಡೆದಳು. ಟೀಚರ್ ಸಿಡುಕಲಿಲ್ಲ, ಓಡಲಿಲ್ಲ. ತರಗತಿಯಲ್ಲಿ ಗಲಾಟೆ ಮಾಡುವ ಮಗುವನ್ನು ನೋಡುವ ಹಾಗೆ ನೋಡಿ, ಒಮ್ಮೆ ಬಲೆಯ ಹತ್ತಿರ ಮೆತ್ತಗೆ ಇಳಿಬಿಡುತ್ತಿದ್ದರು, ಒಮ್ಮೆ ಮೂಲೆಗೆ ಸರಿಸುತ್ತಿದ್ದರು. ಗುಬ್ಬಿ ಬೆವರಿ, ಬಿಸಿಯಾಗಿ, ಸೋತಳು. ಪಾಯಿಂಟಪ್ಪನವರಿಗೆ ಆಕಾಶವೇ ತಲೆಯ ಮೇಲೆ ಬಿದ್ದಂತಾಯಿತು.

ಮಗಳನ್ನು ಸಮಾಧಾನ ಮಾಡುತ್ತ ಪಕ್ಕದ ಕೋರ್ಟಿಗೆ ಬಂದರೆ, ವಕೀಲೆಯ ಕಾಲು ಹೆಂಡತಿಯ ತೊಡೆಯ ಮೇಲಿತ್ತು. ಹೆಂಡತಿ ಅದಕ್ಕೆ ಐಸ್ ಒತ್ತುತ್ತಿದ್ದರು.

"ಏನಾಯ್ತೇ?"

"ಗೆದ್ದೆ ಅನ್ಸುತ್ತೆ ಕಣ್ರೀ," ಎಂದರು ಆಕೆ ತಪ್ಪು ಮಾಡಿದವರ ಹಾಗೆ.

ನಡೆದದ್ದಿಷ್ಟು. ಆಕೆಗೆ ಬರುತ್ತಿದ್ದುದು ಒಂದೇ ಹೊಡೆತ. ಮಗುವಿಗೆ ಸುಲಭವಾಗಲೆಂದು ಅಂದು ಹಾಕುತ್ತಿದ್ದ ಹಾಗೆ ಚೆಂಡನ್ನು ಎತ್ತರಕ್ಕೆ, ಆಕಾಶಕ್ಕೆ ಎತ್ತಿಬಿಡುವುದು. ವಕೀಲೆಗೆ ಇದು ತಮ್ಮ ಘನತೆಗೆ ಕುಂದೆನಿಸಿತು. ಒಂದು ಚೆಂಡನ್ನಾದರೂ ನೆಲಕ್ಕೆ ಅಪ್ಪಳಿಸಿಯೇ ತೀರುತ್ತೇನೆಂದು ಸೂರ್ಯನ ಕಡೆ ಮುಖ ಮಾಡಿ ಹಿಂದಕ್ಕೆ ಓಡಿ, ಕಾಲು ಉಳುಕಿಸಿಕೊಂಡು, ಆಟ ಬಿಟ್ಟರು. ಆಟದ ನಡುವೆ ಎದುರಾಳಿ ಬಿಟ್ಟರೂ ಗೆಲುವು ಗೆಲುವೇ. ಮುಂದಿನ ಸುತ್ತಿನಲ್ಲಿ ಪಿ.ಟಿ. ಟೀಚರ್ ಆಕೆಯನ್ನು ಒಂದೂ ಗೇಮ್ ಕೊಡದೆ ಮನೆಗೆ ಕಳಿಸಿದರು, ನಿಜ. ಆದರೆ ಬಂದ ಪಾಯಿಂಟು ಬಂದದ್ದೇ.

ಹೊಸ ಪಟ್ಟಿ ಪ್ರಕಟವಾಯಿತು. ಕಟ್ಟಕಡೆಯಲ್ಲಿ ಅಮ್ಮ ಇದ್ದರು. ಮಗಳು ಎಲ್ಲೂ ಇರಲಿಲ್ಲ. ಎದುರಿನ ಔಷಧಿ ಅಂಗಡಿಯವರು ರಸ್ತೆ ದಾಟಿ ಬಂದು ಕೈ ಕುಲುಕಿದರು. "ಮನೆಯವರಿಗೆ ರ‍್ಯಾಂಕ್ ಬಂತಂತಲ್ಲ! ಇಷ್ಟು ದಿನ ಮುಚ್ಚಿಟ್ಟಿದ್ರಾ?" ಪಾಯಿಂಟಪ್ಪನವರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು.

ನಿಜವಾದ ಪೀಕಲಾಟ ಮುಂದಿನ ಪಂದ್ಯಾವಳಿಯಲ್ಲಿ ಎದುರಾಯಿತು. ಅಲ್ಲಿಗೆ ಹೆಂಗಸರು ಮುಗಿಬಿದ್ದಿದ್ದರು. ಹೆಂಡತಿಯ ಹೆಸರನ್ನು ಈ ಸಲವೂ ಮುಂಜಾಗ್ರತೆಯಿಂದ ಇವರೇ ಬರೆಸಿದ್ದರು. ಇದ್ದ ಜಾಗ ಹದಿನಾರು. ಎರಡು ಅರ್ಹತಾ ಸುತ್ತಿನಲ್ಲಿ ಗೆದ್ದು ಬರುವವರಿಗೆ, ಉಳಿದ ಹದಿನಾಲ್ಕು ರ‍್ಯಾಂಕಿನ ಪ್ರಕಾರ. ಹದಿನಾಲ್ಕನೆಯ ಜಾಗ ಅಮ್ಮನಿಗೆ ಸಿಕ್ಕಿತು. ಹೊರಗೆ ಉಳಿದವರಲ್ಲಿ ಮೊದಲನೆಯವಳು ಗುಬ್ಬಿ. ಅಮ್ಮ ಬಿಟ್ಟರೆ ಮಗಳು ಒಳಗೆ. ಇಲ್ಲವಾದರೆ ಮಗಳು ಹಿಂದಿನ ದಿನ ಅರ್ಹತಾ ಸುತ್ತಿನ ಎರಡು ಪಂದ್ಯ ಗೆದ್ದು ಒಳಗೆ ಬರಬೇಕು.

ಪಾಯಿಂಟಪ್ಪನವರು ಊಟದ ಮೇಜಿನ ಮುಂದೆ ಕೈಮುಗಿದರು. "ನೀನು ಹೆಸರು ವಾಪಸ್ ತೊಗೊಳ್ಳೇ ತಾಯಿ."

"ಬರೆಸೋವಾಗಲೂ ನನ್ನ ಕೇಳಲಿಲ್ಲ. ಅಳಿಸೋವಾಗ ಕೇಳ್ತಿದ್ದೀರಲ್ಲ, ಅಷ್ಟೇ ಪುಣ್ಯ," ಎಂದ ಹೆಂಡತಿ ಮಗಳ ಕಡೆ ತಿರುಗಿದರು. "ಬಿಡ್ತೀನಮ್ಮ. ನನಗೇನು, ರಜಾ ಉಳಿಯುತ್ತೆ."

"ಬೇಡಮ್ಮ," ಎಂದಳು ಗುಬ್ಬಿ. "ನೀನು ಆಡು. ನಾನು ಕೆಳಗಿಂದ ಗೆದ್ದೇ ಬರ್ತೀನಿ. ಅಪ್ಪ, ನಿಮ್ಮ ಲೆಕ್ಕದಿಂದ ಸಿಕ್ಕಿದ ಜಾಗ ನನಗೆ ಬೇಡ."

ಪಾಯಿಂಟಪ್ಪನವರಿಗೆ ಬೇಸರವಾಯಿತು. ಎಷ್ಟು ಬಸ್ಸು, ಎಷ್ಟು ಊರು, ಎಷ್ಟು ಬಿಸಿಲು! ಎಲ್ಲ ಲೆಕ್ಕವೂ ಅವಳಿಗಾಗಿಯೇ ಅಲ್ಲವೇ? ಆದರೂ ಮಗಳು ಹಾಗೆ ತಲೆಯೆತ್ತಿ ಮಾತಾಡಿದ್ದು ಒಳಗೊಳಗೇ ಹಿತವೆನಿಸಿತು. ಎರಡೂ ಒಟ್ಟಿಗೆ ಆದದ್ದರಿಂದ ಅವರು ಎದ್ದುಹೋಗಿ ಪಾತ್ರೆ ತೊಳೆದರು.

ಅಂದಿನಿಂದ ಬೆಳಿಗ್ಗೆ ಅಮ್ಮ ಮಗಳು ಒಟ್ಟಿಗೆ ಆಡತೊಡಗಿದರು. ಅಮ್ಮ ಆಕಾಶಕ್ಕೆ ಎತ್ತುವುದು, ಮಗಳು ಸಿಡುಕದೆ ಕಾಯುವುದು. ಗುಬ್ಬಿಗೆ ತಾಳ್ಮೆ ಎಂಬುದು ಮೆಲ್ಲಗೆ ಮೈಗೆ ಹತ್ತಿತು. ಅರ್ಹತಾ ಸುತ್ತಿನ ಎರಡೂ ಪಂದ್ಯ ಗೆದ್ದಳು. ಆದರೆ ಪಾಯಿಂಟು ಸಿಗುವುದು ಮುಖ್ಯ ಪಂದ್ಯಾವಳಿಯಲ್ಲಿ ಗೆದ್ದರೆ ಮಾತ್ರ. ಮತ್ತೆ ಚೀಟಿ ಎತ್ತಿದರು. ಮುಖ್ಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಗುಬ್ಬಿಗೆ ಎದುರಾಳಿ ಅಮ್ಮ.

ಪಾಯಿಂಟಪ್ಪನವರಿಗೆ ಹಾಲು ಕುಡಿದಷ್ಟು ಸಂತೋಷ. ಪಾಯಿಂಟು ಜೇಬಿಗೆ ಬಿದ್ದ ಹಾಗೇ! ಹೆಂಡತಿಯನ್ನು ನೀರಿನ ನಲ್ಲಿಯ ಹತ್ತಿರ ಕರೆದು ಪಿಸುಗುಟ್ಟಿದರು: "ಜಾಸ್ತಿ ಓಡಬೇಡ. ಮಂಡಿ ನೋಡ್ಕೋ."

"ಮಂಡಿ ಮೇಲೆ ಇವತ್ತೇನು ಅಕ್ಕರೆ?" ಹೆಂಡತಿ ಕೂದಲಿಗೆ ಪಟ್ಟಿ ಬಿಗಿದುಕೊಂಡರು. "ಅವಳು ಗೆದ್ದೇ ತೊಗೊಳ್ಲಿ. ಅಮ್ಮ ಬಿಟ್ಟುಕೊಟ್ಲು ಅನ್ನೋ ಮಾತು ನನ್ನ ಮಗಳಿಗೆ ಬೇಡ."

ಮೊದಲ ಸೆಟ್ಟನ್ನು ಗುಬ್ಬಿ ಸಲೀಸಾಗಿ ಗೆದ್ದಳು. ಎರಡನೆಯದರಲ್ಲೂ ಐದು ಗೇಮ್ ಗೆದ್ದು ಇನ್ನೊಂದೇ ಬಾಕಿ ಎನ್ನುವಾಗ, ಇಷ್ಟು ದಿನ ಕಾದ ಪಾಯಿಂಟು ಕಣ್ಣೆದುರು ನಿಂತು, ಹುಡುಗಿಯ ಕೈ ನಡುಗಿತು. ಚೆಂಡು ಬಲೆಗೆ, ಬೇಲಿಗೆ, ಎಲ್ಲೆಲ್ಲಿಗೋ. ಅಮ್ಮ ಮಾತ್ರ ತಣ್ಣಗೆ ಆಕಾಶಕ್ಕೆ ಎತ್ತುತ್ತಲೇ ಇದ್ದರು. ನೋಡನೋಡುತ್ತ ಐದು ನಾಲ್ಕು.

ಪಾಯಿಂಟಪ್ಪನವರಿಗೆ ತಡೆಯಲಾಗಲಿಲ್ಲ. ಹೆಂಡತಿಯ ಕಣ್ಣಿಗೆ ಬೀಳುವಂತೆ ಅಂಗೈಯನ್ನು ಕೆಳಕ್ಕೆ ಒತ್ತಿ ಒತ್ತಿ ತೋರಿಸಿದರು. ಬಲೆಗೆ ಹೊಡಿ, ಬಲೆಗೆ ಹೊಡಿ. ಎತ್ತರದ ಕುರ್ಚಿಯಲ್ಲಿ ಕೂತಿದ್ದ ಅಂಪೈರ್ ನಿವೃತ್ತ ಗಣಿತದ ಮೇಡಂ. ಕೊನೆಯ ಬೆಂಚಿನ ಸನ್ನೆಯನ್ನೂ ಬಿಡದ ಕಣ್ಣು. "ಹೊರಗಿನಿಂದ ಹೇಳಿಕೊಡಬಾರದು," ಎಂದು ಎಚ್ಚರಿಸಿದರು. ಇವರು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಆ ಗೇಮ್ ಸಮಬಲಕ್ಕೆ ಬಂತು, ಅಮ್ಮ ಮುಂದಾದರು. ಇನ್ನೊಂದು ಅಂಕ ಹೋದರೆ ಐದು ಐದು. ಕೈ ತಾನಾಗಿ ಹೊರಗೆ ಬಂದು ಮತ್ತೆ ಒತ್ತಿತು.

ಈ ಮನುಷ್ಯ ಹೆಂಡತಿಗೆ ಸೋಲುವುದನ್ನು ಹೇಳಿಕೊಡುತ್ತಿದ್ದಾನೆಂದು ಯಾವ ಅಂಪೈರಿಗೆ ತಾನೇ ಹೊಳೆದೀತು? ಪಾಯಿಂಟಪ್ಪ ಯಾರ ಅಪ್ಪನೆಂದು ಊರಿಗೇ ಗೊತ್ತು. "ಮಗಳಿಗೆ ಸಲಹೆ. ಅಂಕ ಎದುರಾಳಿಗೆ," ಎಂದರು ಮೇಡಂ. ಗೇಮ್ ಅಮ್ಮನದಾಯಿತು. "ತಾವು ದಯವಿಟ್ಟು ಹೊರಗೆ."

"ಮೇಡಂ, ನಾನು ಮಗಳಿಗಲ್ಲ..." ಎಂದು ಶುರುಮಾಡಿದವರು ಅರ್ಧಕ್ಕೇ ಬಾಯಿ ಮುಚ್ಚಿಕೊಂಡರು. ನಿಜ ಹೇಳಿದರೆ ಇನ್ನೂ ದೊಡ್ಡ ಅಪರಾಧ. ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ. ಹೆಂಡತಿ ನೋಡಿದ ನೋಟದಲ್ಲಿ ಒಂದು ವಾರದ ಬೈಗುಳವಿತ್ತು.

ಗೇಟಿನ ಹೊರಗೆ ಸ್ಕೂಟರುಗಳ ನಡುವೆ ನಿಂತರು. ಗೋಡೆಯಾಚೆ ಚೆಂಡಿನ ಸದ್ದು ಮಾತ್ರ ಕೇಳುತ್ತಿತ್ತು. ಚಪ್ಪಾಳೆ ಬಿತ್ತು. ಯಾರಿಗೆ? ಮತ್ತೆ ಸದ್ದು, ಮತ್ತೆ ಮೌನ. ಮಗಳಿಗಾಗಿ ಜೀವ ತೇಯ್ದ ತಾನೇ ಅವಳ ಕೈಯಿಂದ ಅಂಕ ಕಿತ್ತುಕೊಂಡೆನಲ್ಲ ಎಂದು ಅವರು ತಮ್ಮ ಅಂಗೈಯನ್ನೇ ಬೈದುಕೊಂಡರು. ಕೊನೆಗೆ ದೊಡ್ಡ ಚಪ್ಪಾಳೆ. ಸ್ವಲ್ಪ ಹೊತ್ತಿಗೆ ಅಮ್ಮ ಮಗಳು ಹೆಗಲ ಮೇಲೆ ಕೈ ಹಾಕಿಕೊಂಡು ಹೊರಬಂದರು. ಇಬ್ಬರೂ ಕೆಂಪಗಾಗಿದ್ದರು, ಇಬ್ಬರೂ ನಗುತ್ತಿದ್ದರು.

"ಬಂತಾ?" ಎಂದರು ಪಾಯಿಂಟಪ್ಪನವರು.

"ಬಂತಪ್ಪ! ಏಳು ಐದು. ನೀವು ಹೋದ್ಮೇಲೆ ಕೈ ನಡುಗೋದೇ ನಿಂತ್ಹೋಯ್ತು."

ಇದಕ್ಕೆ ಸಂತೋಷಪಡಬೇಕೋ ಬೇಡವೋ ತಿಳಿಯದೆ, ಅವರು ಮಗಳ ಬೆನ್ನು ತಟ್ಟಿದರು. ಆಮೇಲೆ ಹೆಂಡತಿಯ ಬೆನ್ನನ್ನೂ ತಟ್ಟಿದರು.

ಮಾರನೆಯ ದಿನ ಗುಬ್ಬಿಗೆ ಅದೇ ಪಿ.ಟಿ. ಟೀಚರ್ ಜೊತೆ ಪಂದ್ಯ. ಅಪ್ಪನನ್ನು ಒಳಗೆ ಬಿಡಿ ಎಂದು ಗುಬ್ಬಿಯೇ ಹೋಗಿ ಗಣಿತದ ಮೇಡಮ್ಮನ್ನು ಬೇಡಿಕೊಂಡಳು. "ಬರಲಿ. ಆದರೆ ಅವರ ಕೈಗಳಿಗೆ ಯಾರಾದರೂ ಜವಾಬ್ದಾರಿ ತೊಗೋಬೇಕು," ಎಂದರು ಮೇಡಂ. ಹೆಂಡತಿ ಮುಂದೆ ಬಂದು ಜವಾಬ್ದಾರಿ ಹೊತ್ತರು.

ಹೀಗಾಗಿ ಆ ದಿನ ಪಾಯಿಂಟಪ್ಪ ದಂಪತಿಗಳು ಮುಂದಿನ ಬೆಂಚಿನಲ್ಲಿ ಒತ್ತಿಕೊಂಡು ಕೂತರು. ಗಂಡನ ಎರಡೂ ಕೈ ಹೆಂಡತಿಯ ಮಡಿಲಲ್ಲಿ, ಅವುಗಳ ಮೇಲೆ ಆಕೆಯ ಎರಡೂ ಕೈ, ಬಿಗಿಯಾಗಿ. ಹಿಂದೆ ಕೂತಿದ್ದ ಔಷಧಿ ಅಂಗಡಿಯವರ ಹೆಂಡತಿ ತಮ್ಮ ಗಂಡನನ್ನು ತಿವಿದು, "ನೋಡಿ ಕಲಿತ್ಕೊಳ್ಳಿ, ಈ ವಯಸ್ಸಲ್ಲೂ ಹೇಗಿದ್ದಾರೆ," ಎಂದರು.

ಕೋರ್ಟಿನಲ್ಲಿ ಗುಬ್ಬಿ ಸಿಡುಕದೆ ಕಾದು, ಟೀಚರನ್ನು ಮುಂದಕ್ಕೆ ಎಳೆದು, ಅವರ ತಲೆಯ ಮೇಲಿಂದ ಆಕಾಶಕ್ಕೆ ಎತ್ತಿದ ಚೆಂಡು ಗೆರೆಯ ಮೇಲೇ ಬಿತ್ತು. ಟೀಚರೂ ರ‍್ಯಾಕೆಟ್ಟಿಗೆ ಕೈ ತಟ್ಟಿ ಮೆಚ್ಚಿದರು. ಸುತ್ತ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

"ಒಂದು ಸಲ ಬಿಡೇ," ಎಂದು ಪಾಯಿಂಟಪ್ಪನವರು ಅಂಗಲಾಚಿದರು. "ಒಂದೇ ಒಂದು ಚಪ್ಪಾಳೆ."

"ಆಟ ಮುಗೀಲಿ," ಎಂದ ಹೆಂಡತಿ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದರು.