ಈರುಳ್ಳಿ ತರಲು ಹೋದ ಇಂಗ್ಲೆಂಡ್ ಗಾಡಿ

ಮಾರುತೇಶನ ಹಿತ್ತಲಿನಲ್ಲಿ ಮರುದಿನ ಮಗಳ ನಿಶ್ಚಿತಾರ್ಥದ ಶಾಮಿಯಾನ ಏಳಬೇಕಿತ್ತು. ಆದರೆ ಅಲ್ಲಿ ಒಂದು ಗೂಟ ಹೊಡೆಯುವಷ್ಟೂ ಜಾಗವಿರಲಿಲ್ಲ. ಯಾವುದೋ ಬಂಗಲೆಯ ಹುಲ್ಲು ಕತ್ತರಿಸುವ ಮಷೀನು, ಹಿತ್ತಾಳೆಯ ಔಷಧಿ ಪಂಪು, ಹುಲ್ಲುಹಾಸಿನ ಮೇಲೆ ಉರುಳಿಸುವ ಕಬ್ಬಿಣದ ರೋಲರ್, ಹೀಗೆ ತೋಟದ ಹಳೆಯ ಯಂತ್ರಗಳೆಲ್ಲ ಅಲ್ಲಿ ಮದುವೆಗೆ ಮೊದಲೇ ಬಂದು ಕೂತ ನೆಂಟರ ಹಾಗೆ ಕಾಲು ಚಾಚಿದ್ದವು.

ಹೊಳಲ್ಕೆರೆಯಲ್ಲಿ ಹೂಗಿಡದ ನರ್ಸರಿ ಇಟ್ಟುಕೊಂಡಿದ್ದ ಮಾರುತೇಶನಿಗೆ ಇವುಗಳ ಹುಚ್ಚು. ಇವನ್ನು ಹೊರಲೆಂದೇ ಇಂಗ್ಲೆಂಡಿನಲ್ಲಿ ತಯಾರಾದ, ಅಜ್ಜನ ಕಾಲದ ಪಿಕಪ್ ಒಂದನ್ನು ಕೊಂಡಿದ್ದ. ಪಿಕಪ್ ಸುಮ್ಮನೆ ನಿಂತಿದೆಯಲ್ಲ ಎಂದು ಇನ್ನಷ್ಟು ಯಂತ್ರ ತಂದಿದ್ದ. ಪಿಕಪ್ಪಿನ ಮೂತಿ ಊಟಕ್ಕೆ ಕರೆಯಲು ಮರೆತ ಬೀಗರಂತೆ ಗಂಟಿಕ್ಕಿಕೊಂಡಿತ್ತು. ತಿರುವಿನಲ್ಲಿ ಯಾವ ಕಡೆ ಹೊರಳುತ್ತದೆಂದು ತೋರಿಸಲು ಪಕ್ಕದಿಂದ ಕಬ್ಬಿಣದ ಪುಟ್ಟ ಕೈಯೊಂದು ಹೊರಗೆ ಬರುತ್ತಿತ್ತು. ಅದು ಒಳಗೆ ಹೋಗಬೇಕಾದರೆ ಮಾರುತೇಶನೇ ಇಳಿದು ಗುದ್ದಬೇಕು. ಹಾರ್ನ್ ಎಂದರೆ ಕಿಟಕಿಯ ಬಳಿ ಒಂದು ರಬ್ಬರ್ ಬುಗ್ಗೆ. ಹಿಂಡಿದರೆ 'ಪೊಂಯ್'.

"ರೀ, ಚಿತ್ತಯ್ಯಣ್ಣನ ತೋಟದಿಂದ ಅಡುಗೆಗೆ ಈರುಳ್ಳಿ ತರಬೇಕು, ಬಿ.ದುರ್ಗದಿಂದ ಅವ್ವನ್ನ ಕರ್ಕಂಬರಬೇಕು" ಎಂದಳು ಹೆಂಡತಿ ಸುಮಾ. "ಹೋಗುವಾಗ ಈ ದರಿದ್ರಗಳನ್ನೆಲ್ಲ ತುಂಬ್ಕಂಡು ಎಲ್ಲಾದ್ರೂ ಹಾಕಿ ಬರ್ರಿ. ಗುಜರಿಯೋನಿಗೆ ಕೊಟ್ಟಿದ್ರೆ ಬದಲಿಗೆ ಈರುಳ್ಳಿನಾದ್ರೂ ಅಳೆದು ಕೊಡ್ತಿದ್ದ."

"ಇವು ಗುಜರಿ ಅಲ್ಲ ಸುಮಾ."

"ಸಂಜೆ ಈ ಗಾಡೀಲಿ ಈರುಳ್ಳಿ ಇರಬೇಕು, ಅವ್ವ ಇರಬೇಕು. ಒಂದು ಚೂರು ಕಬ್ಬಿಣ ಕಂಡ್ತೋ, ನಾಳಿದ್ದು ಗಾಡೀನೇ ಗುಜರಿಗೆ."

ಸುಮಾ ಆಡಿದ್ದನ್ನು ಮಾಡುವವಳು. ಅವನ ಹಳೆಯ ಮೊಪೆಡ್ಡು ಹಾಗೆಯೇ ಹೋಗಿ, ಬದಲಿಗೆ ಪ್ಲಾಸ್ಟಿಕ್ ಬಕೀಟುಗಳು ಬಂದಿದ್ದವು. ಬಚ್ಚಲಿಗೆ ಹೋದಾಗಲೆಲ್ಲ ಮಾರುತೇಶನಿಗೆ ಮೊಪೆಡ್ಡಿನ ನೆನಪಾಗುತ್ತಿತ್ತು.

ಗೆಳೆಯ ಚಿತ್ತಯ್ಯನ ತೋಟ ಬಿ.ದುರ್ಗದ ದಾರಿಯಲ್ಲೇ ಇತ್ತು. ಚಿತ್ತಯ್ಯ ಯಂತ್ರಗಳನ್ನು ನೋಡಿ ತಲೆ ಕೆರೆದುಕೊಂಡ.

"ಲೇ ಮಾರುತೇಶ, ನಮ್ಮ ಮನೆಯೋಳು ಹುಲಿಗೆಮ್ಮ ಹಾಲುರಾಮೇಶ್ವರದ ಗುಡಿಗೆ ಹೋಗವ್ಳೆ. ಅವಳು ಬರೋದ್ರೊಳಗೆ ಆ ಕೊಟ್ಟಿಗೆ ಮೂಲೇಲಿ, ಹುಲ್ಲಿನ ಹಿಂದೆ ಇಟ್ಟು ಬಿಡು. ಕಂಡ್ರೆ ನನ್ನನ್ನೂ ಅದ್ರ ಜತೆ ಎಸೀತಾಳೆ."

ಯಂತ್ರಗಳು ಇಳಿದವು, ಈರುಳ್ಳಿ ಚೀಲಗಳು ಏರಿದವು. ಮಾರುತೇಶ ರೋಲರಿನ ಬೆನ್ನು ಸವರಿ, ಹಾಸ್ಟೆಲ್ಲಿಗೆ ಮಗು ಬಿಟ್ಟು ಬರುವವನಂತೆ ತಿರುತಿರುಗಿ ನೋಡುತ್ತ ಹೊರಟ.

ಬಿ.ದುರ್ಗದಲ್ಲಿ ಅತ್ತೆ ಏಕನಾಥಮ್ಮ ಎಲೆಡಿಕೆ ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕುಂತರು. ಅವರು ಈ ಗಾಡಿ ಹತ್ತಿದ್ದು ಅದೇ ಮೊದಲು.

"ಏನು ಗಾಡಿ ಅಳಿಯಂದ್ರೆ ಇದು?"

"ಹಳೇ ಕಬ್ಬಿಣ ಹೊರೋಕೆ ಅಂತಲೇ ತಗಂಡಿದ್ದು ಅತ್ತೆ."

"ಹಿಂದೆ ಏನೈತೆ?"

"ಈರುಳ್ಳಿ."

"ಹಂಗಾ" ಎಂದರು ಅತ್ತೆ. ಆಮೇಲೆ ಬಹಳ ಹೊತ್ತು ಅಳಿಯನನ್ನು ಒಂಥರಾ ಮರುಕದಿಂದ ನೋಡಿದರು. ಯಾಕೆ ಹಾಗೆ ನೋಡುತ್ತಿದ್ದಾರೆಂದು ಮಾರುತೇಶನಿಗೆ ತಿಳಿಯಲಿಲ್ಲ.

ಒಂದು ಹಟ್ಟಿ ದಾಟುತ್ತಲೇ ಗಾಡಿಯ ಮೂತಿಯಿಂದ ಹೊಗೆ ಎದ್ದಿತು. ಫ್ಯಾನ್ ಬೆಲ್ಟ್ ತುಂಡಾಗಿತ್ತು. ಪಕ್ಕದ ಕೈ ತಾನಾಗಿ ಹೊರಗೆ ಬಂದು, ಇಲ್ಲೇ ಇಳಿಯಿರಿ ಎಂಬಂತೆ ಹೊಲದ ಕಡೆ ತೋರಿಸುತ್ತ ನಿಂತಿತು.

"ಅತ್ತೆ, ನೀವು ಇಲ್ಲೇ ಕುಂತಿರ್ರಿ. ವಾಪಸ್ ಊರಿಗೆ ಹೋಗಿ ಮೆಕ್ಯಾನಿಕ್ ಮಂಜಣ್ಣನ್ನ ಕರ್ಕಂಬತ್ತೀನಿ. ಕುರಿ ಏನಾರ ಈರುಳ್ಳಿಗೆ ಬಾಯಿ ಹಾಕಿದ್ರೆ ಈ ಬುಗ್ಗೆ ಹಿಂಡ್ರಿ, ಓಡೋಗ್ತವೆ."

ಮಂಜಣ್ಣ ಸಿಕ್ಕಿದ. ಆದರೆ ಗಾಡಿಗೆ ಹೊಂದುವ ಬೆಲ್ಟು ಸಿಗಲಿಲ್ಲ. ಹಿಟ್ಟಿನ ಗಿರಣಿಯ ಬೆಲ್ಟೊಂದನ್ನು ಕತ್ತರಿಸಿ ಹೊಲಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಮಂಜಣ್ಣ ಸೈಕಲ್ಲಿನಲ್ಲಿ, ಮಾರುತೇಶ ನೀರಿನ ಹಳೇ ಡಬ್ಬ ಹಿಡಿದು ಅವನ ಹಿಂದೆ ನಡೆಯುತ್ತ, ಹೊರಟರು.

ದಾರಿಯಲ್ಲಿ ಒಬ್ಬ ಹೆಂಗಸು ಸೆರಗಿನ ತುಂಬ ಈರುಳ್ಳಿ ಕಟ್ಟಿಕೊಂಡು ಎದುರು ಬಂದಳು. ಅವಳ ಹಿಂದೆ ಇನ್ನೊಬ್ಬಳು ಪುಟ್ಟಿಯಲ್ಲಿ. ಆಮೇಲೆ ಒಬ್ಬ ಮುದುಕ ಟವೆಲಿನಲ್ಲಿ. ಎಲ್ಲರ ಮುಖದಲ್ಲೂ ಗೆದ್ದವರ ಕಳೆ. ಮಾರುತೇಶನಿಗೆ ಅರ್ಥವಾಗಲಿಲ್ಲ. ಕುರಿ ಹೊಡೆದುಕೊಂಡು ಬರುತ್ತಿದ್ದ ಹಟ್ಟಿಯ ಪಾಪಣ್ಣ ಎಂಬಾತ ತಾನೇ ನಿಲ್ಲಿಸಿ ಹೇಳಿದ.

"ಏನಪ್ಪ, ಹಿಂಗೆ ನಿಧಾನ ಹೋದ್ರೆ ಏನು ಸಿಕ್ಕಾತು? ಮುಂದೆ ಗುಜರಿ ಗಾಡಿ ಬಂದೈತೆ. ಪೊಂಯ್ ಅಂತ ಗುಜರಿಯೋನ ಹಾರ್ನ್ ಕೇಳಿಸ್ಲಿಲ್ವಾ? ಅಜ್ಜಿ ಕೈ ಧಾರಾಳ. ಆ ಡಬ್ಬಕ್ಕೂ ಒಂದು ಬೊಗಸೆ ಕೊಟ್ಟಾಳು, ಹೋಗು."

ಗುಜರಿ ಗಾಡಿ ಎಂದೊಡನೆ ಮಾರುತೇಶನ ಕಿವಿ ನೆಟ್ಟಗಾಯಿತು. ಅದರಲ್ಲಿ ತೋಟದ ಯಾವುದಾದರೂ ಹಳೇ ಮಷೀನು ಬಿದ್ದಿದ್ದರೆ? ಸುಮಾಳ ಮಾತನ್ನು ಮರೆತು ಬಿರಬಿರನೆ ಹೆಜ್ಜೆ ಹಾಕಿದ. ತಿರುವು ದಾಟಿದರೆ ಅಲ್ಲಿ ಇದ್ದದ್ದು ಒಂದೇ ಗಾಡಿ, ಅವನದು. ಹಿಂದೆ ಈರುಳ್ಳಿಯಿದ್ದ ಜಾಗದಲ್ಲಿ ಟಾರ್ಪಾಲು ಗುಡ್ಡದಂತೆ ಉಬ್ಬಿತ್ತು. ಏಕನಾಥಮ್ಮ ಎಲೆಡಿಕೆ ಜಗಿಯುತ್ತ, ಬುಗ್ಗೆಯ ಮೇಲೆ ಕೈಯಿಟ್ಟು ಕೂತಿದ್ದರು.

"ಈರುಳ್ಳಿ ಎಲ್ಲಿ ಅತ್ತೆ?"

"ಎಲ್ಲಾ ಖಾಲಿ. ಕುರಿ ಬಂದ್ವು ಅಂತ ಪೊಂಯ್ ಅನ್ಸಿದೆ, ಹಟ್ಟಿ ಹೆಂಗಸ್ರೆಲ್ಲ ಮುರುಕು ಗುದ್ದಲಿ, ತೂತು ಕೊಡಪಾನ ಹಿಡ್ಕಂಡು ಬಂದ್ರು. ನಿಮ್ಮ ವ್ಯಾಪಾರ ನಿಲ್ಲಬಾರದಲ್ಲ, ನಾನೇ ಅಳೆದು ಕೊಟ್ಟೆ."

"ನಂದು ಎಂಥ ವ್ಯಾಪಾರ?"

"ನಾಚ್ಕೊಬ್ಯಾಡ್ರಿ ಅಳಿಯಂದ್ರೆ. ಗುಜರಿ ಆದ್ರೇನು, ದುಡಿದು ತಿನ್ನೋದಲ್ವಾ? ಕೊನೇಲಿ ಒಬ್ಬ ಹೆಂಗಸು ಟ್ರ್ಯಾಕ್ಟರ್‌ನಾಗೆ ಹೇರ್ಕಂಬಂದ್ಲು ನೋಡ್ರಿ, ಭಾರೀ ಮಾಲು. ಉಳಿದ ಚೀಲ ಅಷ್ಟೂ ಅವ್ಳಿಗೇ ಎತ್ತಿ ಹಾಕ್ಸಿದೆ."

ಟಾರ್ಪಾಲು ಎತ್ತಿ ನೋಡುವ ಧೈರ್ಯ ಮಾರುತೇಶನಿಗೆ ಬರಲಿಲ್ಲ. ಹಟ್ಟಿಗೆ ಹೋಗಿ ಕೇಳೋಣವೆಂದರೆ ಈರುಳ್ಳಿ ಆಗಲೇ ಒಲೆ ಏರಿ ಘಮಘಮಿಸುತ್ತಿತ್ತು. ಗಿರಣಿಯ ಬೆಲ್ಟು ಹಾಕಿಸಿಕೊಂಡು ಮನೆ ಸೇರಿದ.

ಅಂಗಳದಲ್ಲಿ ಸುಮಾ, ಅಡುಗೆಯವರು, ನೋಡಲಿಕ್ಕೆಂದೇ ಬಂದ ನೆರೆಹೊರೆಯವರು ಎಲ್ಲ ಸೇರಿದ್ದರು. ಸುಮಾ ನೇರ ಬಂದು ಟಾರ್ಪಾಲು ಎಳೆದಳು.

ಗುದ್ದಲಿ ಕೊಡಪಾನಗಳ ನಡುವೆ ಹಿತ್ತಾಳೆಯ ಪಂಪು ಹೊಳೆಯಿತು. ಪಕ್ಕದಲ್ಲಿ ಹುಲ್ಲು ಕತ್ತರಿಸುವ ಮಷೀನು. ಅದಕ್ಕೆ ಒರಗಿಕೊಂಡು ರೋಲರ್. ಬೆಳಿಗ್ಗೆ ಹೊರಟವರಲ್ಲಿ ಒಬ್ಬರೂ ತಪ್ಪದೆ ಎಲ್ಲ ವಾಪಸ್ ಬಂದಿದ್ದರು.

ಮಾರುತೇಶ ಬಾಯಿ ಬಿಡುವಷ್ಟರಲ್ಲಿ ಫೋನು ಬಡಿದುಕೊಂಡಿತು. ಚಿತ್ತಯ್ಯನ ದನಿ ಸುತ್ತ ನಿಂತವರಿಗೆಲ್ಲ ಕೇಳುವಷ್ಟು ದೊಡ್ಡದು.

"ಲೇ ಮಾರುತೇಶ, ಬೇಜಾರ್ ಮಾಡ್ಕಬ್ಯಾಡ. ಹುಲಿಗೆಮ್ಮ ಬೇಗ ಬಂದುಬಿಟ್ಲು. ನಿನ್ನ ಮಷೀನು ನೋಡಿದೋಳೇ ಟ್ರ್ಯಾಕ್ಟರ್‌ಗೆ ಹೇರಿ ಯಾವನೋ ಗುಜರಿಯೋನಿಗೆ ಹಾಕಿ ಬಂದವ್ಳೆ. ಬದಲಿಗೆ ಈರುಳ್ಳಿ ತಂದವ್ಳೆ, ಥೇಟ್ ನಮ್ಮ ಹೊಲದ್ದೇ ಇದ್ದಂಗೆ ಐತೆ. ಹೆಂಗೂ ನಿಮ್ಮನೇಲಿ ಊಟ ಐತಲ್ಲ, ಇವನ್ನೂ ಬಂದು ತಗಂಡೋಗು."

ಸುಮಾ ಗಂಡನನ್ನು ನೋಡಿದಳು, ತಾಯಿಯನ್ನು ನೋಡಿದಳು, ರೋಲರನ್ನು ನೋಡಿದಳು.

"ಹೋಗ್ರಿ, ಮೊದ್ಲು ಈರುಳ್ಳಿ ತರ್ರಿ. ನಾಳಿದ್ದು ಗಾಡಿ ಗುಜರಿಗೆ."

"ಯಾಕೆ ಹಾಕ್ತೀಯೇ ಗುಜರಿಗೆ?" ಏಕನಾಥಮ್ಮ ಅಡ್ಡ ಬಂದರು. "ಇಂಥ ವ್ಯಾಪಾರದ ಗಾಡೀನ ಯಾರಾದ್ರೂ ಬಿಡ್ತಾರಾ? ಅಳಿಯಂದ್ರು ಒಬ್ರೇ ಒದ್ದಾಡ್ತಾ ಇದ್ರು ಪಾಪ. ನಾನು ಇನ್ನು ಇಲ್ಲೇ ಇರ್ತೀನಿ, ದಿನಾ ಜತೆಗೆ ಹೋಗ್ತೀನಿ."

ತಾಯಿಯ ಮಾತಿಗೆ ಸುಮಾ ಎದುರಾಡಲಿಲ್ಲ. ಅಂತೂ ಗಾಡಿ ಉಳಿಯಿತು. ಆದರೆ ಅದು ಇನ್ನು ಯಾರದು ಎಂಬುದು ಮಾತ್ರ ಮಾರುತೇಶನಿಗೆ ಗೊತ್ತಾಗಲಿಲ್ಲ. ಅವನು ಸ್ಟೇರಿಂಗ್ ಹಿಡಿಯುವ ಮೊದಲೇ ಅತ್ತೆ ಮುಂದಿನ ಸೀಟು ಹತ್ತಿದ್ದರು.

"ನಡೀರಿ ಹೋಗಾಣ. ನಿಧಾನ ಹೊಡೀರಿ, ದಾರೀಲಿ ಇನ್ನೊಂದಿಷ್ಟು ಕಬ್ಬಿಣ ಸಿಕ್ಕಾತು" ಎಂದು ಬುಗ್ಗೆ ಹಿಂಡಿದರು.

ಪಕ್ಕದ ಮನೆಯಾಕೆ ಆಗಲೇ ತೂತು ಬಿದ್ದ ಬಾಂಡ್ಲಿ ಹಿಡಿದು ಗೇಟು ತೆಗೆಯುತ್ತಿದ್ದಳು.