ಕನ್ನೆ ಸೊಪ್ಪಿನ ದಾಯಾದಿಗಳು

ತನ್ನ ಕಣ್ಣಿನ ಮೇಲೆ ವಿಪರೀತ ನಂಬಿಕೆ ಇಟ್ಟುಕೊಂಡಿರುವ ಯಾವುದೇ ಗಂಡಸನ್ನು ಒಂದು ಸಲ ಹೊಲಕ್ಕೆ ಸೊಪ್ಪು ತರಲು ಕಳಿಸಬೇಕು. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ ಹೇಳಲಾರದ ಸಂಗತಿಯನ್ನು ಒಂದು ಚೀಲ ಸೊಪ್ಪು ಹೇಳಿಬಿಡುತ್ತದೆ. ಇದನ್ನು ನಾನು ಯಾರನ್ನೋ ಆಡಿಕೊಳ್ಳಲು ಹೇಳುತ್ತಿಲ್ಲ. ಆ ಚೀಲವನ್ನು ಹೊತ್ತು ತಂದವನು ನಾನೇ.

ನನಗೆ ಅನ್ನ ಹಾಕುತ್ತಿರುವುದು ಈ ಎರಡು ಕಣ್ಣುಗಳು. ಆಂಧ್ರದ ಗಡಿಯಲ್ಲಿರುವ ರಾಯದುರ್ಗದ ಒಂದು ಜೀನ್ಸ್ ಘಟಕದಲ್ಲಿ ನಾನು ಚೆಕಿಂಗ್ ಮಾಸ್ಟರ್. ಹೊಲಿದು ಬಂದ ಪ್ಯಾಂಟನ್ನು ಮೇಜಿನ ಮೇಲೆ ಹಾಸಿ, ಹೊಲಿಗೆ ಎಲ್ಲಿ ಬಿಟ್ಟಿದೆ, ದಾರ ಎಲ್ಲಿ ನೇತಾಡುತ್ತಿದೆ, ಎಡಗಾಲಿನ ನೀಲಿ ಬಲಗಾಲಿನ ನೀಲಿಗೆ ಹೊಂದುತ್ತದೆಯೇ ಎಂದು ನೋಡಿ, ತಪ್ಪಿದ್ದಲ್ಲಿ ಬಾಣದ ಗುರುತಿನ ಕೆಂಪು ಸ್ಟಿಕರ್ ಅಂಟಿಸಿ ವಾಪಸ್ ಎಸೆಯುವುದು ನನ್ನ ಕೆಲಸ. ನೀವು ನೀಲಿ ಅಂದರೆ ಒಂದೇ ನೀಲಿ ಅಂದುಕೊಂಡಿರಬಹುದು. ನಾನು ಹಾಗೆ ಅಂದುಕೊಂಡರೆ ಸಂಜೆಯೊಳಗೆ ಕೆಲಸ ಹೋಗುತ್ತದೆ. ಈ ಚಾಳಿ ಘಟಕದ ಬಾಗಿಲಲ್ಲಿ ನಿಲ್ಲುವುದೂ ಇಲ್ಲ. ನೆಂಟರ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕುತ್ತಿದ್ದಾಗ ನಾನು ಮದುಮಗನ ಕೋಟಿನ ಎಡತೋಳು ಬಲತೋಳಿಗಿಂತ ಒಂದು ಬೆರಳು ಗಿಡ್ಡ ಇರುವುದನ್ನು ನೋಡುತ್ತಾ ನಿಂತಿದ್ದೆ. ಅದನ್ನು ಹೆಣ್ಣಿನ ಕಡೆಯವರಿಗೆ ತಿಳಿಸಿಯೂ ಬಿಟ್ಟೆ. ಆ ನೆಂಟರು ಈಗ ನಮ್ಮನ್ನು ಯಾವುದಕ್ಕೂ ಕರೆಯುವುದಿಲ್ಲ.

ನಮ್ಮದು ರೊಳ್ಳದ ಕಡೆ. ಮಡಕಶಿರಾ ಸೀಮೆಯವರೆಲ್ಲ ಮಾಡುವ ಹಾಗೆ ನಾವೂ ಮೊದಲು ಬೆಂಗಳೂರಿನ ಬಸ್ಸನ್ನೇ ಹತ್ತಿದ್ದೆವು. ಅಲ್ಲಿನ ಗಾರ್ಮೆಂಟ್ಸಿನಲ್ಲಿ ಕೆಲವು ವರ್ಷ ತಿರುಗಿದ ಮೇಲೆ, ಜೊತೆಗಾರನೊಬ್ಬ ಕರೆದನೆಂದು ರಾಯದುರ್ಗಕ್ಕೆ ಬಂದೆವು. ನನ್ನ ಹೆಂಡತಿ ಮಂಜುಳ ಜೇಬು ಹೊಲಿಯುವುದರಲ್ಲಿ ಎತ್ತಿದ ಕೈ. ಮಗಳು ಹುಟ್ಟಿದ ಮೇಲೆ ಮಿಷನ್ನು ಬಿಟ್ಟಿದ್ದಳು. ಮಗುವಿಗೆ ಮೂರು ತುಂಬಿದಾಗ ಸೂಪರ್‌ವೈಸರ್ ಹೇಳಿ ಕಳಿಸಿದ. ಜಾಗ ಖಾಲಿ ಇದೆ, ಬರುವ ವಾರ ಬಿಟ್ಟು ಅದರ ಮುಂದಿನ ಸೋಮವಾರದಿಂದ ಬಂದರೆ ಅವಳಿಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದು. ಮಗುವನ್ನು ನೋಡಿಕೊಳ್ಳಲು ಅದಾಗಲೇ ನಮ್ಮತ್ತೆ ಹನುಮಕ್ಕ ರೊಳ್ಳದಿಂದ ಬಂದಿದ್ದರು. ಎಲ್ಲವೂ ಸರಿಹೋಯಿತು ಅನ್ನುವಾಗ ಅತ್ತೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿ, "ನಾನು ಆ ಸೋಮವಾರ ಊರಿಗೆ ಓಯ್ತೀನಿ ಕಣವ್ವ," ಅಂದರು.

ಮಂಜುಳನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಯಾಕಮ್ಮ, ಏನು ಕಮ್ಮಿ ಆಗೈತೆ?"

"ಕಮ್ಮಿ ಏನೂ ಇಲ್ಲ. ಮುದ್ದೆ ಐತೆ, ಅನ್ನ ಐತೆ, ಫ್ಯಾನು ಐತೆ. ಬಂದು ಇಪ್ಪತ್ತು ದಿನ ಆಯ್ತು, ಒಂದು ಹಿಡಿ ಕನ್ನೆ ಸೊಪ್ಪು ಕಣ್ಣಿಗೆ ಬಿದ್ದಿಲ್ಲ. ಇದೆಂಥ ಊರು."

ಕನ್ನೆ ಸೊಪ್ಪನ್ನು ಯಾರೂ ಬಿತ್ತುವುದಿಲ್ಲ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನೇ ಹುಟ್ಟಿ, ನೆಲದ ಮೇಲೆ ಹರಡಿ, ಬೆಳಗ್ಗೆ ಎರಡು ಎಸಳಿನ ಒಂದು ನೀಲಿ ಹೂ ಬಿಡುತ್ತದೆ. ಮೂರನೆಯ ಎಸಳೂ ಇದೆ, ಆದರೆ ಅದು ಬಣ್ಣಗೆಟ್ಟು ಕೆಳಗೆ ಅಡಗಿ ಕೂತಿರುತ್ತದೆ. ನಮ್ಮ ಕಡೆ ಇದರ ಬಸ್ಸಾರು ಮಾಡಿ ಮುದ್ದೆಗೆ ಹಚ್ಚಿಕೊಳ್ಳುತ್ತೇವೆ. ರಾಯದುರ್ಗದಲ್ಲಿ ಇದನ್ನು ದನಕ್ಕೆ ಹಾಕುತ್ತಾರೆ, ಹಾಗಾಗಿ ಸಂತೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ನಾನು ಎದೆ ಸೆಟೆಸಿ, "ಇಷ್ಟೇ ತಾನೇ, ಭಾನುವಾರ ನಾನು ತರ್ತೀನಿ," ಅಂದೆ. ಇಷ್ಟು ವರ್ಷ ತಿಂದಿದ್ದೇನೆ, ನೀಲಿ ಹೂವನ್ನು ಗುರುತಿಸುವುದಂತೂ ನನ್ನ ಹೊಟ್ಟೆಪಾಡಿನ ಕೆಲಸ. ತಿಂದ ಸೊಪ್ಪೆಲ್ಲ ಬೆಂದು ಹಿಸುಕಿದ ಸೊಪ್ಪು ಅನ್ನುವುದು ಆಗ ಹೊಳೆಯಲಿಲ್ಲ.

ಆ ಭಾನುವಾರ ಬೆಳಗ್ಗೆ ಡಿ. ಹಿರೇಹಾಳ್ ರಸ್ತೆಯಲ್ಲಿ ಸೈಕಲ್ ತುಳಿದು, ಬಾವಿ ನೀರು ಹರಿಯುವ ಒಂದು ಹೊಲದ ಪಕ್ಕ ಇಳಿದೆ. ನೀಲಿ ಹೂ ಎಲ್ಲೆಲ್ಲೂ ಇದ್ದವು. ಕಾಲುವೆಯ ಅಂಚಿನಲ್ಲಿ ಒಂದು ಜಾತಿ, ನುಣುಪಾಗಿ, ಹೊಳಪಾಗಿ, ಈಗ ತಾನೇ ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗೆ ಇತ್ತು. ಅದರ ಮೇಲುಗಡೆ ಬದುವಿನಲ್ಲಿ ಇನ್ನೊಂದು. ಅದರ ಮೈಯೆಲ್ಲ ಸುಂಕು, ಸಣ್ಣ ಒರಟು ಕೂದಲು, ಎಲೆ ದಂಟನ್ನು ಹಿಡಿದುಕೊಂಡಿರುವ ಕಡೆ ಕೆಂಪು ಕೂದಲು, ಥೇಟು ದಾರ ಕತ್ತರಿಸದೆ ಬಿಟ್ಟ ಪ್ಯಾಂಟಿನ ಹಾಗೆ. ದಾರ ಬಿಟ್ಟ ಮಾಲನ್ನು ನಾನು ಜನ್ಮದಲ್ಲಿ ಪಾಸ್ ಮಾಡಿದವನಲ್ಲ. ಅದನ್ನು ಅಲ್ಲೇ ಬಿಟ್ಟು, ನುಣುಪಿನದನ್ನು ಒಂದೊಂದೇ ಆರಿಸಿ ಚೀಲ ತುಂಬಿಸಿದೆ. ಸೊಪ್ಪು ಕೀಳುವುದಕ್ಕೂ ಒಂದು ಶಿಸ್ತು ಬೇಕು, ಈ ಹೆಂಗಸರಿಗೆ ಅದು ಗೊತ್ತಿಲ್ಲ ಎಂದುಕೊಂಡು ಮನೆಗೆ ಬಂದೆ.

ಅತ್ತೆ ಚೀಲದೊಳಗೆ ಕೈ ಹಾಕಿದರು. ನೋಡಲೂ ಇಲ್ಲ, ಬೆರಳಲ್ಲೇ ಮುಟ್ಟಿ, "ಇದು ಅದಲ್ಲ ಕಣ್ರಪ್ಪ. ಅದರ ದಾಯಾದಿ," ಅಂದರು.

"ಹೂ ನೀಲಿ ಐತಲ್ಲತ್ತೆ."

"ದಾಯಾದಿಗಳ ಮೂತಿ ಒಂದೇ ಥರ ಇರ್ತೈತೆ. ತಿಂದ್ರೆ ಏನೂ ಆಗಲ್ಲ ಬಿಡಿ, ಆದ್ರೆ ಸಾರು ಬರೀ ಲೋಳೆ ನೀರು."

ಪಕ್ಕದ ಮನೆಯ ಈರಮ್ಮ ಗೋಡೆಯ ಆಚೆಯಿಂದ ಇಣುಕಿದಳು. ಆಕೆ ಒಂದು ಎಮ್ಮೆ ಸಾಕಿಕೊಂಡಿದ್ದಾಳೆ. "ಯಾಕ ಚೆಲ್ಲತೀರ್ರಿ, ನಮ್ಮ ಎಮ್ಮಿಗೆ ಹಾಕ್ರಿ. ಅಣ್ಣಾರು ಭಾಳ ಚೊಲೊ ಆರಿಸ್ಯಾರ ನೋಡ್ರಿ, ಒಂದು ಕಸ ಇಲ್ಲ," ಅಂದಳು. ನನ್ನ ಕೆಲಸವನ್ನು ಮೆಚ್ಚಿದ್ದು ಅವಳೊಬ್ಬಳೇ. ಎಮ್ಮೆಯನ್ನೂ ಸೇರಿಸಿದರೆ ಇಬ್ಬರು.

ಸೋಲು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಅತ್ತೆಯ ಎದುರು ಕೂತು, "ಕನ್ನೆ ಸೊಪ್ಪಿನ ಹೂ ಯಾವ ನೀಲಿ?" ಎಂದು ವಿಚಾರಣೆ ಮಾಡಿದೆ. "ನೀಲಿ ಅಂದ್ರೆ ನೀಲಿನೇ," ಅಂದರು. ತಿಳಿಯೋ ಗಾಢವೋ ಎಂದೆ. ಬೆಳಗ್ಗೆ ಒಂದು ಥರ, ಬಿಸಿಲೇರಿದ ಮೇಲೆ ಒಂದು ಥರ ಎಂದರು. ಇಂಥ ಸಾಕ್ಷಿಯನ್ನು ಕಟ್ಟಿಕೊಂಡು ಯಾವ ಕಾರ್ಖಾನೆಯೂ ನಡೆಯುವುದಿಲ್ಲ. ಕೊನೆಗೆ ಮಂಜುಳನ ಒಂದು ಹಳೆಯ ಸೀರೆಯ ಅಂಚನ್ನು ತೋರಿಸಿ, "ಹೆಚ್ಚೂ ಕಮ್ಮಿ ಇಂಗೆ," ಅಂದರು. ಅಷ್ಟು ಸಿಕ್ಕರೆ ಸಾಕಿತ್ತು. ಘಟಕದಲ್ಲಿ ನೀಲಿಗಳನ್ನು ಹೋಲಿಸಲು ಬಟ್ಟೆಯ ಪಟ್ಟಿಗಳನ್ನು ಸಾಲಾಗಿ ನಂಬರು ಹಾಕಿ ಇಟ್ಟಿರುತ್ತೇವೆ. ಅವನ್ನು ಮನೆಗೆ ತಂದು ಹಿಡಿದರೆ ಸೀರೆಯ ಅಂಚು ನಾಲ್ಕನೇ ನಂಬರಿಗೆ ಸರಿಯಾಗಿ ಕೂತಿತು.

ಬುಧವಾರ ಬೆಳಗ್ಗೆ, ಶಿಫ್ಟಿಗೆ ಮೊದಲು, ಪಟ್ಟಿಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮತ್ತೆ ಹೋದೆ. ಅವು ಎರಡು ಸಲ ಬದುವಿನಲ್ಲಿ ಬಿದ್ದವು. ನನ್ನ ಜೇಬಿನಲ್ಲಿ ಏನೂ ನಿಲ್ಲುವುದಿಲ್ಲ. ಪೆನ್ನು, ಬಸ್ಸಿನ ಟಿಕೆಟ್ಟು, ಬಾಚಣಿಗೆ, ಎಲ್ಲವೂ ಬಗ್ಗಿದರೆ ಬೀಳುತ್ತವೆ. ಈ ಕಾಲದ ವಸ್ತುಗಳಿಗೆ ಹಿಡಿತವಿಲ್ಲ ಎಂದು ಬೈದುಕೊಂಡು ಎತ್ತಿಕೊಂಡೆ. ಒಂದೊಂದು ಹೂವಿನ ಪಕ್ಕ ಒಂದೊಂದು ಪಟ್ಟಿ ಹಿಡಿದು, ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಹೊಲದವನು ಬಂದು ಸ್ವಲ್ಪ ಹೊತ್ತು ಹಿಂದೆ ನಿಂತು, "ಸರ್ವೆಗೆ ಬಂದೀರೇನ್ರಿ?" ಎಂದು ಕೇಳಿದ.

"ಇಲ್ಲ, ಸೊಪ್ಪು ನೋಡ್ತಿದ್ದೀನಿ," ಎಂದೆ.

"ಹೌದ್ರಿ, ಕಳೆ ಭಾಳ ಆಗೈತ್ರಿ. ಆ ಮೂಲ್ಯಾಗೂ ಐತಿ, ಅದನ್ನೂ ಬರಕೊಳ್ರಿ," ಎಂದು ಕೈ ತೋರಿಸಿದ. ಬರೆದುಕೊಳ್ಳದೆ ಹೋದರೆ ಬೇಜಾರು ಮಾಡಿಕೊಂಡಾನು ಅಂತ ಬರೆದುಕೊಂಡ ಹಾಗೆ ಮಾಡಿದೆ. ಪಾಪ, ಹೋಗುವಾಗ ನಮಸ್ಕಾರ ಮಾಡಿದ.

ಅವನು ತೋರಿಸಿದ ಮೂಲೆಯಲ್ಲೇ ನಾಲ್ಕನೇ ನಂಬರಿನ ನೀಲಿ ಸಿಕ್ಕಿತು. ಚೀಲ ತುಂಬಿಸಿದೆ. ಅತ್ತೆಗೆ ಪುರಾವೆ ತೋರಿಸಬೇಕಲ್ಲ, ಐದಾರು ಹೂ ಕಿತ್ತು ಪಟ್ಟಿಯ ಪಕ್ಕ ಟೇಪು ಹಾಕಿ ಅಂಟಿಸಿದೆ. ಅಲ್ಲಿಂದ ನೇರ ಘಟಕಕ್ಕೆ ಹೋಗಿ, ಮಧ್ಯಾಹ್ನದ ಊಟದ ಬಿಡುವಿಗೆ ಮನೆಗೆ ಬಂದೆ. ನೋಡಿದರೆ ಟೇಪಿನ ಕೆಳಗೆ ಹೂವೇ ಇಲ್ಲ. ಎಸಳುಗಳು ಕರಗಿ ನೀರಾಗಿ, ಒಂದು ಒದ್ದೆ ಕಲೆ ಮಾತ್ರ ಉಳಿದಿತ್ತು. ಈ ಹೂವಿನ ಆಯುಸ್ಸೇ ಅರ್ಧ ದಿನವಂತೆ. ಇಂಥ ಕಚ್ಚಾ ಬಣ್ಣವನ್ನು ನಾನು ನನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ. ಅತ್ತೆ ಕಲೆಯನ್ನೂ ನೋಡಿದರು, ಚೀಲದಲ್ಲಿದ್ದ ಸಣ್ಣೆಲೆಯ ಸೊಪ್ಪನ್ನೂ ನೋಡಿದರು. "ಮೊನ್ನೆದು ದಾಯಾದಿ. ಇದು ದಾಯಾದಿಯ ದಾಯಾದಿ," ಎಂದು ಚೀಲವನ್ನು ಗೋಡೆಯ ಆಚೆ ದಾಟಿಸಿದರು. ಎಮ್ಮೆ ಅದಾಗಲೇ ಗೋಡೆಯ ಕಡೆ ಮುಖ ಮಾಡಿ ನಿಲ್ಲುವುದನ್ನು ಕಲಿತಿತ್ತು.

ಮಂಜುಳ ನನ್ನನ್ನು ಒಳಗೆ ಕರೆದಳು. "ಪ್ಯಾಂಟಿನಾಗೆ ಒಂದು ಎಳೆ ದಾರ ಕಾಣ್ತೈತೆ, ಒಂದು ಸೊಪ್ಪು ಕಾಣಲ್ವಾ ನಿಮಗೆ? ಬೇಕೂಂತ್ಲೇ ಬ್ಯಾರೇದು ತತ್ತಿದ್ದೀರ. ನಮ್ಮಮ್ಮ ಇಲ್ಲಿರೋದು ನಿಮಗೆ ಇಷ್ಟ ಇಲ್ಲ. ನಾನು ಮಿಷನ್ ಮೇಲೆ ಕೂರೋದೂ ಇಷ್ಟ ಇಲ್ಲ." ಅವಳ ಕಣ್ಣಲ್ಲಿ ನೀರಿತ್ತು. ನಾನು ದೇವರಾಣೆ ಇಲ್ಲ ಅಂದೆ. ಆದರೆ ನಿಮ್ಮ ಹತ್ತಿರ ಸುಳ್ಳು ಯಾಕೆ, ಅತ್ತೆ ಬಂದ ಮೊದಲ ವಾರ, ಫ್ಯಾನಿನ ಕೆಳಗಿನ ನನ್ನ ಜಾಗ ಅವರಿಗೆ ಹೋದಾಗ, ಈಕೆ ಯಾವಾಗ ಊರಿಗೆ ಹೋಗುತ್ತಾರೋ ಎಂದು ಒಮ್ಮೆ ಯೋಚಿಸಿದ್ದು ನಿಜ. ಅದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದ ಮಾತಿಗೆ ಸಿಕ್ಕಿಬಿದ್ದ ನಾಚಿಕೆ ಇನ್ನೂ ಕೆಟ್ಟದ್ದು. ಸೈಕಲ್ ಹತ್ತಿ ಘಟಕಕ್ಕೆ ವಾಪಸ್ ಹೋದೆ.

ಮುಂದಿನ ಭಾನುವಾರ, ಅಂದರೆ ಅತ್ತೆ ಹೊರಡುವ ಹಿಂದಿನ ದಿನ, ಕೊನೆಯ ಉಪಾಯವಾಗಿ ಅವರನ್ನೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟೆ. ಈ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಕೇಳಬೇಡಿ. ಚೆಕಿಂಗ್ ಮಾಸ್ಟರು ಯಾರನ್ನೂ ಕೇಳುವುದಿಲ್ಲ, ಎಲ್ಲರೂ ಅವನನ್ನು ಕೇಳಬೇಕು. ಊರು ದಾಟಿ ಮಣ್ಣಿನ ದಾರಿ ಸಿಕ್ಕ ಕೂಡಲೇ ಅತ್ತೆ ಇಳಿದು ನನಗಿಂತ ಮುಂದೆ ನಡೆದರು. ಮೊಣಕಾಲು ನೋವು ಎಂದು ಮನೆಯಲ್ಲಿ ಗೋಡೆ ಹಿಡಿದು ಓಡಾಡುತ್ತಿದ್ದವರು ಬದುವನ್ನು ದಾಟಿದ್ದು ನನಗೆ ಕಾಣಲೂ ಇಲ್ಲ.

ಸೀದಾ ಹೋಗಿ ಕೂತದ್ದು ಎಲ್ಲಿ ಅಂದುಕೊಂಡಿರಿ. ಮೊದಲ ದಿನ ನಾನು ದಾರ ಬಿಟ್ಟಿದೆ ಎಂದು ತಿರಸ್ಕರಿಸಿದ್ದೆನಲ್ಲ, ಆ ಸುಂಕು ಮೈಯ ಗಿಡದ ಮುಂದೆ.

"ಇದೇನಾ?" ಎಂದೆ.

"ಇದೇ ಕಣ್ರಪ್ಪ. ಹೂ ಯಾಕೆ ನೋಡ್ತೀರಿ, ಹೂವು ಎಲ್ಲರ ಮನೇಲೂ ಒಂದೇ. ಎಲೆ ಬುಡದಾಗೆ ಈ ಕೆಂಪು ಕೂದಲು ಐತಲ್ಲ, ಅದು ಗುರುತು." ಬೇರು ಸಮೇತ ಒಂದನ್ನು ಕಿತ್ತರು. ಬೇರಿನ ಜೊತೆ ಮಣ್ಣೊಳಗೆ ಸಣ್ಣ ಬಿಳಿ ಮೊಗ್ಗುಗಳಿದ್ದವು. "ನೆಲದೊಳಗೂ ಗುಟ್ಟಾಗಿ ಹೂ ಬಿಡ್ತೈತೆ, ನೋಡಿ. ಇನ್ನೂ ಅನುಮಾನ ಬಂದ್ರೆ ಇಲ್ಲಿ ಉಗುರು ಹಾಕಿ." ಹೂವಿಗೆ ಆಸರೆಯಾಗಿ ಮಡಿಸಿದ ಒಂದು ಹಸಿರು ಎಲೆ ಇರುತ್ತದೆ. ಹೂ ಅದರೊಳಗಿಂದ ಬರುತ್ತದೆ. ಕನ್ನೆ ಸೊಪ್ಪಿನಲ್ಲಿ ಅದರ ಒಂದು ಪಕ್ಕ ಕೂಡಿಕೊಂಡು ಪೊಟ್ಟಣವಾಗಿತ್ತು. ಅತ್ತೆ ಕಾಲುವೆಯ ಅಂಚಿನ ನುಣುಪು ಗಿಡದಿಂದ ಒಂದನ್ನು ಕಿತ್ತು ಪಕ್ಕದಲ್ಲಿ ಹಿಡಿದರು. ಅದು ಬರೀ ಮಡಿಸಿದ್ದಷ್ಟೇ, ಪಕ್ಕ ಪೂರ್ತಿ ಬಿಚ್ಚಿತ್ತು.

ನನಗೆ ಅದು ಕಂಡದ್ದು ಜೇಬಿನ ಹಾಗೆ. ಒಂದಕ್ಕೆ ಪಕ್ಕ ಹೊಲಿದಿದೆ, ಇನ್ನೊಂದಕ್ಕೆ ಇಲ್ಲ. ದಿನವಿಡೀ ನಾನು ಹಿಡಿದು ಎಸೆಯುವ ದೊಡ್ಡ ತಪ್ಪೇ ಅದು, ಪಕ್ಕದ ಹೊಲಿಗೆ ಬಿಟ್ಟ ಜೇಬು. ಅಂಥ ಮಾಲನ್ನು ಎರಡು ಚೀಲ ನಾನೇ ಕೈಯಾರೆ ಪಾಸ್ ಮಾಡಿ ಮನೆಗೆ ತಂದಿದ್ದೆ. ಸರಿಯಾದ ಮಾಲನ್ನು ರಿಜೆಕ್ಟ್ ಮಾಡಿದ್ದೆ.

ಅತ್ತೆ ಸೊಪ್ಪು ಚಿವುಟುತ್ತಾ ಚಿವುಟುತ್ತಾ ಮಾತಿಗಿಳಿದರು. "ಮನೆಯಾಗೆ ಕೂತು ಕೂತು ಕೈ ಸತ್ತೋಗಿದ್ವು ಕಣ್ರಪ್ಪ. ಊರಾಗೆ ಬೆಳಗ್ಗೆ ಎದ್ರೆ ಹೊಲದ ಕಡೆ ಓಗ್ತಿದ್ದೆ. ಇಲ್ಲಿ ಓಗ್ತೀನಿ ಅಂದ್ರೆ ಎಲ್ಲಿಗೆ ಅಂತ ಓಗ್ಲಿ." ಬಂದು ತಿಂಗಳಾಗುತ್ತಾ ಬಂದರೂ ನಾವಿಬ್ಬರೂ ಆಕೆಯನ್ನು ಬಾಗಿಲಿನಾಚೆಗೆ ಕರೆದುಕೊಂಡು ಹೋಗಿರಲಿಲ್ಲ. ಸೊಪ್ಪಿನ ನೆಪದಲ್ಲಿ ಅತ್ತೆ ಕೇಳಿದ್ದು ಈ ಬದುವನ್ನು. "ದಿನಾ ಬರೋಣ ಅತ್ತೆ, ನಾನು ಬಿಟ್ಟು ಹೋಗ್ತೀನಿ," ಎಂದೆ. ಆಕೆ ಇನ್ನೊಂದು ಹಿಡಿ ಸೊಪ್ಪು ಚಿವುಟಿ ಚೀಲಕ್ಕೆ ಹಾಕಿದರು. ಮಧ್ಯಾಹ್ನ ಬಸ್ಸಾರು ಕುದಿಯಿತು. ಸಂಜೆ ನೋಡಿದರೆ, ಊರಿಗೆಂದು ಕಟ್ಟಿಟ್ಟಿದ್ದ ಗಂಟಿನಿಂದ ಅತ್ತೆ ಒಂದೊಂದೇ ಸೀರೆ ತೆಗೆದು ಹಗ್ಗದ ಮೇಲೆ ಹಾಕುತ್ತಿದ್ದರು. ಸೋಮವಾರ ಮಂಜುಳ ಮಿಷನ್ನಿಗೆ ಹೋದಳು.

ಈಗ ಅತ್ತೆ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ವಾರಕ್ಕೆ ಮೂರು ದಿನ ಹೊಲ ಸುತ್ತುತ್ತಾರೆ. ನಮ್ಮ ಬೀದಿಯಲ್ಲಿರುವ ಮಡಕಶಿರಾ ಕಡೆಯ ಹೆಂಗಸರೆಲ್ಲ ಸೊಪ್ಪಿಗಾಗಿ ಅವರ ದಾರಿ ಕಾಯುತ್ತಾರೆ. ಭಾನುವಾರ ಮಾತ್ರ ಸೊಪ್ಪು ತರುವ ಕೆಲಸ ನನ್ನದು. ತಂದದ್ದನ್ನು ಅತ್ತೆ ಜಗಲಿಯ ಮೇಲೆ ಹಾಸಿ ಪರೀಕ್ಷೆ ಮಾಡುತ್ತಾರೆ. ನನ್ನ ಕೆಂಪು ಬಾಣದ ಸ್ಟಿಕರಿನ ಒಂದು ಹಾಳೆಯನ್ನು ಮಗಳು ಅಜ್ಜಿಗೆ ಕೊಟ್ಟುಬಿಟ್ಟಿದ್ದಾಳೆ. ದಾಯಾದಿ ಕಂಡರೆ ಅದರ ಮೇಲೆ ಒಂದು ಅಂಟಿಸುತ್ತಾರೆ. ಮೊದಮೊದಲು ಐದಾರು ಬೀಳುತ್ತಿತ್ತು, ಈಗ ಒಂದೋ ಎರಡೋ.

ಹೋದ ಭಾನುವಾರ ಒಂದೂ ಬೀಳಲಿಲ್ಲ. ಅತ್ತೆ ಇಡೀ ಚೀಲ ಸೋಸಿ, "ಎಲ್ಲಾ ಸರಿ ಐತೆ," ಅಂದರು. ನಾನು ಹಿಗ್ಗಿ, ಖಾಲಿ ಚೀಲ ಎತ್ತಿಕೊಳ್ಳಲು ಬಗ್ಗಿದೆ. ಜೇಬಿನಿಂದ ಪೆನ್ನು ಬಿತ್ತು. ಅತ್ತೆ ಪೆನ್ನನ್ನು ಎತ್ತಿ ನನ್ನ ಜೇಬಿಗೆ ಹಾಕಲು ಹೋಗಿ, ತಡೆದು, ಜೇಬಿನ ಪಕ್ಕಕ್ಕೆ ಉಗುರು ಹಾಕಿದರು. ಮೇಲಿಂದ ಕೆಳಗಿನವರೆಗೆ ಹೊಲಿಗೆ ಬಿಟ್ಟಿತ್ತು. ಆ ಅಂಗಿಯನ್ನು ಹಾಕಿಕೊಂಡು ನಾನು ಎಷ್ಟೋ ತಿಂಗಳಿಂದ ಇಡೀ ಘಟಕದ ಜೇಬುಗಳನ್ನು ಪರೀಕ್ಷಿಸಿದ್ದೇನೆ.

ಅತ್ತೆ ಹಾಳೆಯಿಂದ ಒಂದು ಕೆಂಪು ಬಾಣ ಬಿಡಿಸಿ ನನ್ನ ಎದೆಯ ಮೇಲೆ ಅಂಟಿಸಿದರು. ಆಮೇಲೆ ಗೋಡೆಯ ಕಡೆ ತಿರುಗಿ, "ಈರಮ್ಮಾ, ಎಮ್ಮೆಗೆ ಇನ್ನೊಂದು ಐತೆ ನೋಡವ್ವ," ಎಂದು ಕೂಗಿದರು.